ಬೀಗರು ಹಾಕಿದ ಬೀಗ

ಎರಡನೇ ಮಹಡಿಯಿಂದ
ಜೂನ್ ೩

ಬೀಗರಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ನೀವು ಕಳಿಸಿದ ರಸ್ಕಿನ ಡಬ್ಬ ತಲುಪಿತು. ಕೆಲವು ಪುಡಿಯಾಗಿದ್ದವು. ಅದು ಬಸ್ಸಿನವರ ತಪ್ಪು, ನಿಮ್ಮ ಬೇಕರಿಯದಲ್ಲ. ಕಂಡಕ್ಟರಾಗಿ ನಿವೃತ್ತನಾದವನು ಹೇಳುತ್ತಿದ್ದೇನೆ, ನಂಬಿ.

ಫೋನ್ ಮಾಡದೆ ಕಾಗದ ಬರೆಯುತ್ತಾನಲ್ಲ ಎಂದು ತಪ್ಪು ತಿಳಿಯಬೇಡಿ. ಇಂಜಿನ್ ಪಕ್ಕ ನಿಂತೂ ನಿಂತೂ ಎರಡು ಕಿವಿಯೂ ಹೋದವು. ಮಿಷನ್ ಹಾಕಿಕೊಂಡರೆ ಎದುರು ಕೂತವರ ಮಾತು ಕೇಳಿಸುತ್ತದೆ, ಫೋನಿನದು ಬರೀ ಗುಂಯ್ ಅನ್ನುತ್ತದೆ.

ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ನನ್ನನ್ನೇ ಮತ್ತೆ ಕಾರ್ಯದರ್ಶಿ ಮಾಡಿದ್ದಾರೆ. ಬೇಡವೆಂದೆ, ಕೇಳಲಿಲ್ಲ. ನೀರಿನ ಟ್ಯಾಂಕರು, ಲಿಫ್ಟು, ಪಾರ್ಕಿಂಗ್ ಜಗಳ, ಎಲ್ಲ ನನ್ನ ತಲೆಗೇ.

ಈಗ ವಿಷಯಕ್ಕೆ ಬರುತ್ತೇನೆ. ಸೊಸೆ ನಿಮ್ಮಲ್ಲಿಗೆ ಬಂದು ತಿಂಗಳ ಮೇಲಾಯಿತು. ಹೆಣ್ಣುಮಗಳು ತೌರಿಗೆ ಹೋಗುವುದರಲ್ಲಿ ತಪ್ಪೇನಿಲ್ಲ. ನಾಲ್ಕು ದಿನ ಹೆಚ್ಚಾದರೂ ನಾನು ಕೇಳುವವನಲ್ಲ. ಆದರೆ ಊರ ಬಾಯಿ ಮುಚ್ಚಿಸಲಾದೀತೇ? ಮೊನ್ನೆ ಲಿಫ್ಟಿನಲ್ಲಿ ಮೂರನೇ ಮಹಡಿಯ ದಂತವೈದ್ಯರು, "ಏನ್ ಸಾರ್, ಸೊಸೆ ಕಾಣಿಸ್ತಾನೇ ಇಲ್ಲ?" ಅಂದರು. ಮಿಷನ್ ಕೆಟ್ಟಿದೆಯೆಂದು ಕಿವಿ ತೋರಿಸಿ ಇಳಿದುಬಿಟ್ಟೆ.

ಮಗನನ್ನು ಕೇಳಿದರೆ, "ಏನಿಲ್ಲಪ್ಪ, ಆಫೀಸಿಗೆ ರಜೆ ಹಾಕಿದಾಳೆ, ರೆಸ್ಟ್ ತಗೋತಾಳಂತೆ" ಅನ್ನುತ್ತಾನೆ. ನಮ್ಮಾಕೆಯನ್ನು ಕೇಳಿದರೆ ಮಿಕ್ಸಿ ಹಾಕಿಬಿಡುತ್ತಾಳೆ. ಯಾವಾಗ ಕಳಿಸುತ್ತೀರಿ? ಒಂದು ಸಾಲು ಬರೆದರೆ ಸಾಕು.

ಇಂತಿ,
ನಿಮ್ಮ ಬೀಗ


ಬೇಕರಿಯಿಂದ
ಜೂನ್ ೯ (ಬರೆದದ್ದು, ಅಂಚೆಗೆ ಹಾಕಲಿಲ್ಲ)

ಬೀಗರೇ,

ನಿಮ್ಮ ಕಾಗದ ಓದುವಾಗ ಒಲೆಯಲ್ಲಿ ಬ್ರೆಡ್ಡಿತ್ತು. ಒಂದು ತಟ್ಟೆ ಪೂರಾ ಸೀದುಹೋಯಿತು.

ನನ್ನ ಮಗಳು ಇಲ್ಲಿಗೆ ಬಂದಿಲ್ಲ. ಬಂದೇ ಇಲ್ಲ. ನೀವು ನನ್ನನ್ನು ಕೇಳುತ್ತೀರಿ, ನಾನು ಯಾರನ್ನು ಕೇಳಲಿ? ಭಾನುವಾರ ಭಾನುವಾರ ಫೋನ್ ಮಾಡುತ್ತಾಳೆ. "ಚೆನ್ನಾಗಿದೀನಪ್ಪ, ಮಾವನೂ ಚೆನ್ನಾಗಿದಾರೆ" ಅನ್ನುತ್ತಾಳೆ. ಮೊನ್ನೆಯೂ ಅಂದಳು.

ನಿಮ್ಮ ಮನೆಯಲ್ಲಿ ಅವಳಿಗೆ ಏನು ಮಾಡಿದಿರಿ? ನನ್ನ ಮಗಳೆಲ್ಲಿ?


ಬೇಕರಿಯಿಂದ
ಜೂನ್ ೧೧

ಬೀಗರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಕಂಡು ಸಂತೋಷವಾಯಿತು. ಮತ್ತೆ ಕಾರ್ಯದರ್ಶಿಯಾದದ್ದಕ್ಕೆ ಅಭಿನಂದನೆ. ಕೆಲಸ ಮಾಡುವವನ ತಲೆಗೇ ಕೆಲಸ ಕಟ್ಟುವುದು ಎಲ್ಲ ಕಡೆಯ ನ್ಯಾಯ.

ಮಗಳು ಇಲ್ಲಿ ಕ್ಷೇಮವಾಗಿದ್ದಾಳೆ. ಸ್ವಲ್ಪ ನಿತ್ರಾಣ ಅಷ್ಟೇ. ಡಾಕ್ಟರು ಒಂದಿಷ್ಟು ದಿನ ಸುಧಾರಿಸಿಕೊಳ್ಳಲಿ ಎಂದಿದ್ದಾರೆ. ಮಧ್ಯಾಹ್ನ ಮಲಗುತ್ತಾಳೆ, ಸಂಜೆ ಗಲ್ಲಾದ ಹತ್ತಿರ ಬಂದು ಕೂರುತ್ತಾಳೆ. ನಿನ್ನೆ ಬನ್ನಿಗೆ ಜಾಮ್ ಹಚ್ಚಿಕೊಂಡು ಎರಡು ತಿಂದಳು. ಈಗಷ್ಟೇ ತಲೆಗೆ ಎಣ್ಣೆ ಹಾಕಿಸಿಕೊಂಡು ಕೂತಿದ್ದಾಳೆ. ನಿಮ್ಮನ್ನೆಲ್ಲ ಕೇಳಿದಳೆಂದು ಬರೆಯಲು ಹೇಳಿದಳು.

ಅಳಿಯಂದಿರು ಆರೋಗ್ಯ ನೋಡಿಕೊಳ್ಳಲಿ. ಕಳಿಸುವ ವಿಷಯ ಅವಳು ಚೇತರಿಸಿಕೊಂಡ ಮೇಲೆ ಬರೆಯುತ್ತೇನೆ. ಬೇರೇನೂ ವಿಶೇಷವಿಲ್ಲ.

ನಿಮ್ಮವ


ಎರಡನೇ ಮಹಡಿಯಿಂದ
ಜೂನ್ ೨೦

ಬೀಗರಿಗೆ ನಮಸ್ಕಾರ.

ಸೊಸೆಗೆ ನಿತ್ರಾಣವೆಂದು ಓದಿ ನನಗೇ ಕಸಿವಿಸಿಯಾಯಿತು. ಮಗ ಇದನ್ನು ಹೇಳಲೇ ಇಲ್ಲ. ಕೇಳಿದ್ದಕ್ಕೆ, "ಹೌದಾ?" ಅಂದ. ಹೆಂಡತಿಗೆ ಹುಷಾರಿಲ್ಲವೆಂದರೆ "ಹೌದಾ" ಅನ್ನುವ ಗಂಡ! ಈ ಕಾಲದವರೇ ಹೀಗೆ.

ಒಂದು ಯೋಚನೆ ಮಾಡಿದ್ದೇನೆ. ಬರುವ ತಿಂಗಳ ಮೊದಲ ಭಾನುವಾರ ನಾನೇ ಬಂದು ನೋಡಿಕೊಂಡು, ಗುಣವಾಗಿದ್ದರೆ ಜೊತೆಗೇ ಕರೆದುಕೊಂಡು ಬರುತ್ತೇನೆ. ಇಲಾಖೆಯ ಪಾಸ್ ಇದೆ, ಟಿಕೆಟ್ಟಿನ ಚಿಂತೆಯಿಲ್ಲ.

ಇಲ್ಲಿ ಸಂಘದ ಗದ್ದಲ ಈಗ ತಣ್ಣಗಾಗಿದೆ. ಕೆಳಗಿನ ಸಭಾಂಗಣದಲ್ಲಿ ಒಬ್ಬರು ಸಂಜೆ ಹೊತ್ತು ವಾಚ್‌ಮನ್, ಕಸ ಗುಡಿಸುವವರು, ಮನೆಗೆಲಸದವರು, ಇವರ ಮಕ್ಕಳನ್ನು ಕೂರಿಸಿಕೊಂಡು ಪಾಠ, ಚಿತ್ರ, ಹಾಡು ಎಂದು ನಡೆಸುತ್ತಿದ್ದರು. ಮೊದಲು ಯಾರೂ ಏನೂ ಅನ್ನಲಿಲ್ಲ. ಆಮೇಲೆ ದೂರು ಶುರುವಾಯಿತು. ಮಕ್ಕಳು ಲಿಫ್ಟು ಹತ್ತುತ್ತಾರೆ, ಗೋಡೆಗೆ ಬಣ್ಣ ಬಳಿಯುತ್ತಾರೆ, ಬಾಗಿಲಲ್ಲಿ ಚಪ್ಪಲಿ ರಾಶಿ. ಅರ್ಧಕ್ಕಿಂತ ಹೆಚ್ಚು ಮನೆಯವರು ಸಹಿ ಹಾಕಿ ಕೊಟ್ಟ ಮೇಲೆ ಕಾರ್ಯದರ್ಶಿ ಏನು ಮಾಡಬೇಕು? ಏಪ್ರಿಲ್ ಕೊನೆಯಲ್ಲಿ ಬೀಗ ಹಾಕಿಸಿದೆ. ಅಂದಿನಿಂದ ಕಟ್ಟಡ ಶಾಂತವಾಗಿದೆ.

ಬರುವ ಬಸ್ಸಿನ ವೇಳೆ ತಿಳಿಸುತ್ತೇನೆ.

ಇಂತಿ,
ನಿಮ್ಮ ಬೀಗ


ಬೇಕರಿಯಿಂದ
ಜೂನ್ ೨೮

ಬೀಗರೇ,

ದಯವಿಟ್ಟು ಈಗ ಬರಬೇಡಿ. ಮನೆಗೆ ಸುಣ್ಣ ಹೊಡೆಸುತ್ತಿದ್ದೇನೆ, ಕಾಲಿಡಲು ಜಾಗವಿಲ್ಲ. ಬೇಕರಿಯ ಒಲೆಯ ಇಟ್ಟಿಗೆಯನ್ನೂ ಕಿತ್ತು ಹಾಕಿಸುವುದಿದೆ. ಧೂಳು ಮಗಳಿಗೆ ಆಗದೆಂದು ಅವಳ ಚಿಕ್ಕಮ್ಮನ ಮನೆಗೆ ಕಳಿಸಿದ್ದೇನೆ. ಆ ಮನೆ ಬಹಳ ದೂರ, ಬಸ್ಸೂ ಸರಿಯಾಗಿಲ್ಲ. ಚಿಕ್ಕಮ್ಮನಿಗೂ ಮೈಯಲ್ಲಿ ಸರಿಯಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಆ ಸಭಾಂಗಣದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು ಯಾರು?

ನಿಮ್ಮವ


ಎರಡನೇ ಮಹಡಿಯಿಂದ
ಜುಲೈ ೧೦

ಬೀಗರಿಗೆ,

ನಿಮ್ಮ ಮನೆಯ ಸುಣ್ಣ, ಒಲೆಯ ಇಟ್ಟಿಗೆ, ಚಿಕ್ಕಮ್ಮನ ಮೈ, ಎಲ್ಲ ಬೇಗ ಸರಿಹೋಗಲಿ.

ಸೊಸೆ ಚಿಕ್ಕಮ್ಮನ ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳೆಂದು ನಂಬಿದ್ದೇನೆ. ಅವಳಿಗೆ ಒಂದು ಸುದ್ದಿ ಮುಟ್ಟಿಸಿ. ನೀರಿನ ಟ್ಯಾಂಕಿನ ಹಿಂದೆ ಮಹಿಳೆಯರ ಹಾಸ್ಟೆಲ್ ಇದೆಯಲ್ಲ, ಅದರ ಮುಂದಿನ ನಿಲ್ದಾಣದಲ್ಲಿ ಬೆಳಗಿನ ಹದಿನಾಲ್ಕನೇ ನಂಬರು ಈಗ ನಿಲ್ಲಿಸುವುದಿಲ್ಲ. ಒಂದು ಚೀಲ ಹೆಗಲಿಗೆ, ಒಂದು ಚೀಲ ಕೈಗೆ ಹಿಡಿದು ಓಡಿದರೂ ನಿಲ್ಲಿಸುವುದಿಲ್ಲ. ಮಂಗಳವಾರ ನಾನೇ ಕಣ್ಣಾರೆ ಕಂಡೆ. ಒಂದು ನಿಲ್ದಾಣ ಹಿಂದಕ್ಕೆ ನಡೆದು, ಔಷಧಿ ಅಂಗಡಿಯ ಹತ್ತಿರ ಹತ್ತಿದರೆ ಸೀಟೂ ಸಿಗುತ್ತದೆ, ಆಫೀಸಿಗೂ ಹೊತ್ತಾಗುವುದಿಲ್ಲ.

ನಿಮ್ಮ ಊರಿನಲ್ಲಿರುವವಳಿಗೆ ಈ ಊರಿನ ಬಸ್ಸಿನ ಸುದ್ದಿ ಏಕೆಂದು ನೀವು ಕೇಳುವುದಿಲ್ಲವೆಂದು ಗೊತ್ತು.

ನಾನು ಅವಳನ್ನು ಕೂಗಲಿಲ್ಲ. ಅವಳು ನನ್ನನ್ನು ನೋಡಿದಳೋ ಇಲ್ಲವೋ ತಿಳಿಯದು. ಬಿಸಿಲಿಗೆ ಕಪ್ಪಾಗಿದ್ದಾಳೆ.

ಬೀಗ


ಬೇಕರಿಯಿಂದ
ಜುಲೈ ೧೯

ಬೀಗರೇ,

ನೀರಿಗೆ ಬಿದ್ದ ಮೇಲೆ ಚಳಿಯೇನು, ಮಳೆಯೇನು. ನೇರವಾಗಿಯೇ ಬರೆಯುತ್ತೇನೆ. ನಾನು ಬರೆದದ್ದೆಲ್ಲ ಸುಳ್ಳು. ಸುಣ್ಣವಿಲ್ಲ, ಇಟ್ಟಿಗೆಯಿಲ್ಲ. ಚಿಕ್ಕಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ಮಗಳು ನನ್ನ ಮನೆಯ ಹೊಸ್ತಿಲು ತುಳಿದಿಲ್ಲ. ನಿಮ್ಮ ಮೊದಲ ಕಾಗದ ಬಂದ ದಿನವೇ ನನಗೂ ತಿಳಿದದ್ದು. ಭಾನುವಾರ ಅವಳ ಫೋನ್ ಬಂದಾಗಲೂ ಕೇಳಲು ಧೈರ್ಯವಾಗಲಿಲ್ಲ. ಅವಳು ಎಲ್ಲಿದ್ದಾಳೆಂದು ಗೊತ್ತಿಲ್ಲದೆ ನಿಮಗೆ ಹೇಗೆ ಹೇಳಲಿ? ಅವಳ ಮಾನ, ನನ್ನ ಮಾನ ಎಂದು ಲೆಕ್ಕ ಹಾಕಿ ಬನ್ನು, ಜಾಮು, ಎಣ್ಣೆ ಎಲ್ಲ ಬರೆದೆ.

ನಿಮ್ಮ ಬಸ್ಸಿನ ಸುದ್ದಿಯನ್ನು ನಮ್ಮಾಕೆಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ನಗತೊಡಗಿದಳು. "ಅಯ್ಯೋ, ನನಗೆ ಮೊದಲ ದಿನದಿಂದ ಗೊತ್ತು ಬಿಡಿ. ಬೀಗಿತ್ತಿಗೂ ಗೊತ್ತು. ಬುಧವಾರ ಬುಧವಾರ ಹಾಸ್ಟೆಲ್ಲಿಗೆ ಹೋಗಿ ಬರ್ತಾರೆ ಅವರು. ನೀವಿಬ್ಬರು ಗಂಡಸರು ಕಾಗದ ಬರ್ಕೊಂಡು ಆಟ ಆಡ್ತಿದೀರಲ್ಲ, ಆಡ್ಲಿ ಅಂತ ಸುಮ್ಮನಿದ್ವಿ" ಅಂದಳು. ನಿಮ್ಮ ಮನೆಯ ಮಿಕ್ಸಿಯನ್ನು ಒಮ್ಮೆ ಆರಿಸಿ ಕೇಳಿ ನೋಡಿ.

ಆಮೇಲೆ ಮಗಳಿಗೆ ಫೋನ್ ಮಾಡಿ ಎಲ್ಲ ಕೇಳಿದೆ. ಪಾಠ ಹೇಳುತ್ತಿದ್ದ ಆ "ಒಬ್ಬರು" ನಿಮ್ಮ ಸೊಸೆ. ಅದನ್ನು ನೀವು ನನಗೆ ಬರೆಯಲಿಲ್ಲ. ಆಫೀಸಿನಿಂದ ಬಂದು ಮುಖ ಕೂಡ ತೊಳೆಯದೆ ಆ ಮಕ್ಕಳ ಜೊತೆ ಕೂರುತ್ತಿದ್ದಳಂತೆ. ಅವಳು ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ನೀವು ಬೀಗ ಹಾಕಿಸಿದಿರಿ. ಸಂಜೆ ಮಕ್ಕಳೆಲ್ಲ ಬಾಗಿಲ ಮುಂದೆ ನಿಂತಿದ್ದವು. ಅವು ಬರೆದ ಚಿತ್ರಗಳು ಸಿಮೆಂಟ್ ಚೀಲದಲ್ಲಿ ಮೆಟ್ಟಿಲ ಕೆಳಗಿದ್ದವು. ದೂರಿನ ಕಾಗದದಲ್ಲಿ ಅಳಿಯಂದಿರ ಸಹಿಯೂ ಇತ್ತು.

ಬೀಗರು ಬೀಗುತ್ತಾರೆಂದು ಕೇಳಿದ್ದೆ. ಬೀಗವನ್ನೂ ಹಾಕುತ್ತಾರೆಂದು ಗೊತ್ತಿರಲಿಲ್ಲ.

"ಅಷ್ಟೆಲ್ಲ ಆದ ಮೇಲೆ ಇಲ್ಲಿಗೆ ಬರಬಹುದಿತ್ತಲ್ಲಮ್ಮ" ಅಂದೆ. ಅವಳು ಏನಂದಳು ಗೊತ್ತೇ? "ಅಪ್ಪಾ, ಬಂದಿದ್ರೆ ಎರಡು ದಿನ ಬನ್ ತಿನ್ನಿಸಿ, ಮೂರನೇ ದಿನ ನೀನೇ ಬಸ್ ಹತ್ತಿಸಿ ವಾಪಸ್ ಕಳಿಸ್ತಿದ್ದೆ." ನಿಜ, ಕಳಿಸುತ್ತಿದ್ದೆ, ಬೀಗರೇ.

ಈ ತಿಂಗಳು ರಸ್ಕು ಕಳಿಸುವುದಿಲ್ಲ.


ಎರಡನೇ ಮಹಡಿಯಿಂದ
ಜುಲೈ ೩೦

ಬೀಗರಿಗೆ,

ಪಾಠ ಹೇಳುತ್ತಿದ್ದವಳು ಸೊಸೆಯೆಂದು ನಾನು ಬರೆಯಲಿಲ್ಲ, ನಿಜ. ಬರೆದಿದ್ದರೆ ಅದು ಮನೆಯ ಜಗಳವಾಗುತ್ತಿತ್ತು. ನನಗೆ ಅದು ಸಂಘದ ವಿಷಯ. ಬಸ್ಸಿನಲ್ಲಿ ಹೆತ್ತ ತಾಯಿ ಹತ್ತಿದರೂ ಟಿಕೆಟ್ ಕೊಟ್ಟವನು ನಾನು. ಸೊಸೆ ನಡೆಸುತ್ತಾಳೆಂದು ಸುಮ್ಮನಿದ್ದರೆ, ಕಾರ್ಯದರ್ಶಿಯ ಮನೆಯವರಿಗೊಂದು ನ್ಯಾಯ, ಉಳಿದವರಿಗೊಂದು ಎಂದು ಮುಖಕ್ಕೇ ಅನ್ನುತ್ತಿದ್ದರು.

ಮೊದಲು ಅವಳಿಗೆ ಹೇಳಬೇಕಿತ್ತು. ಹೇಳಲು ಎರಡು ಸಲ ಹೋದೆ. ಅವಳು ಮಕ್ಕಳಿಗೆ ಏನೋ ಓದಿ ಹೇಳುತ್ತಿದ್ದಳು. ನಡುವೆ ಮಾತಾಡಿಸುವುದು ಬೇಡವೆಂದು ಬಂದೆ. ಮೂರನೇ ಸಲ ಬಡಗಿಯನ್ನು ಕರೆದುಕೊಂಡು ಹೋಗಿ ಚಿಲಕ ಹಾಕಿಸಿದೆ. ಸುಲಭವಾದದ್ದನ್ನು ಮಾಡಿದೆ.

ಮಗನ ಸಹಿಯ ವಿಷಯ. ಬೆಳಗಿನ ತಿಂಡಿ ಹೊತ್ತಿಗೆ ಕಾಗದ ಅವನ ಮುಂದೆ ಇಟ್ಟವನು ನಾನು. ಅವನು ಓದಲಿಲ್ಲ. ನಾನು ಏನಿಟ್ಟರೂ ಅವನು ಓದುವುದಿಲ್ಲ, ಹಾಕುತ್ತಾನೆ. ಇಷ್ಟು ವರ್ಷ ಅದನ್ನು ಮರ್ಯಾದೆಯೆಂದುಕೊಂಡಿದ್ದೆ.

ಮಿಕ್ಸಿ ಆರಿಸಿ ಕೇಳಿದೆ. ನಮ್ಮಾಕೆ, "ಕಿವಿ ಕೇಳಿಸದವರಿಗೆ ಕೂಗಿ ಹೇಳಬಹುದು, ಕೇಳದವರಿಗೆ ಏನು ಮಾಡೋದು?" ಅಂದಳು. ಅವತ್ತು ನಾನು ಊಟ ಮಾಡಲಿಲ್ಲ. ಅವಳು ಬಡಿಸಲೂ ಇಲ್ಲ.

ಸೊಸೆ ನನ್ನ ಬಗ್ಗೆ ಬೇರೇನಾದರೂ ಅಂದಳೇ? ಅಂದಿದ್ದರೆ ಬರೆಯಿರಿ. ಬೇಡ, ಬಿಡಿ.


ಬೇಕರಿಯಿಂದ
ಆಗಸ್ಟ್ ೮

ಬೀಗರೇ,

ನಿಮಗೆ ಹೇಳದೆ ಶನಿವಾರ ನಿಮ್ಮ ಊರಿಗೆ ಬಂದಿದ್ದೆ. ಹಾಸ್ಟೆಲ್ಲಿನಲ್ಲಿ ಹೊರಗಿನವರು ಕೂರುವ ಕೋಣೆಯಲ್ಲಿ ಮಗಳನ್ನು ನೋಡಿದೆ. ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ನಿಯಮಗಳ ಹಲಗೆ, ಬಾಗಿಲಲ್ಲಿ ವಾರ್ಡನ್. ಸ್ವಂತ ಮಗಳನ್ನು ನೋಡಲು ರಿಜಿಸ್ಟರಿನಲ್ಲಿ "ಸಂಬಂಧ" ಎಂಬಲ್ಲಿ "ತಂದೆ" ಎಂದು ಬರೆದು ಕೂತೆ.

ಪಾಠ ನಿಂತಿಲ್ಲ. ಹಾಸ್ಟೆಲ್ಲಿನ ಹಿಂದೆ ಸೈಕಲ್ ನಿಲ್ಲಿಸುವ ಶೆಡ್ಡಿದೆ. ನಿಮ್ಮ ಕಟ್ಟಡದ ಮಕ್ಕಳೇ ಅಲ್ಲಿಗೆ ನಡೆದು ಬರುತ್ತವೆ. ನಾನು ಒಯ್ದ ಬಿಸ್ಕತ್ತನ್ನು ಹಂಚಿದಳು. ನನಗೆ ಒಂದೇ ಕೊಟ್ಟಳು.

ಮನೆಗೆ ಬಾ ಅಂದೆ. "ನಾನೇನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕಳಿಸೋ ಪಾರ್ಸಲ್ಲಾ?" ಅಂದಳು. ಗಂಡನ ಮೇಲೆ ದ್ವೇಷವಿಲ್ಲ. ಅಳಿಯಂದಿರು ವಾರಕ್ಕೊಮ್ಮೆ ಗೇಟಿನ ಹತ್ತಿರ ಬಂದು ನಿಂತು ಮಾತಾಡಿಸಿ ಹೋಗುತ್ತಾರಂತೆ. ನಿಮಗೆ ಗೊತ್ತಿತ್ತೇ? ಗಂಡನ ಬಳಿ ವಾಪಸ್ ಹೋಗಲು ಅವಳದೊಂದು ಷರತ್ತಿದೆ. ಅದು ಸಭಾಂಗಣದ್ದಲ್ಲ. ನಿಮಗೆ ಹೇಳಬಾರದೆಂದು ಆಣೆ ಮಾಡಿಸಿಕೊಂಡಿದ್ದಾಳೆ, ಹೇಳುವುದಿಲ್ಲ.

ಬಸ್ಸಿಗೆ ಹೊತ್ತಿತ್ತು. ನಿಮ್ಮ ಕಟ್ಟಡದ ಎದುರು ರಸ್ತೆಯಾಚೆ ನಿಂತಿದ್ದೆ. ನೀವು ಟ್ಯಾಂಕರಿನವನಿಗೆ ಕೈ ಬೀಸಿ ಬೈಯುತ್ತಿದ್ದಿರಿ. ಮೇಲೆ ಬರಲು ಮನಸ್ಸಾಗಲಿಲ್ಲ.


ಎರಡನೇ ಮಹಡಿಯಿಂದ
ಆಗಸ್ಟ್ ೨೫

ಬೀಗರೇ,

ನೀವು ರಸ್ತೆಯಾಚೆ ನಿಂತು ಹಾಗೇ ಹೋದದ್ದನ್ನು ನಾನು ಮರೆಯುವುದಿಲ್ಲ. ಬೈಗುಳವಾದರೂ ಬೈದು ಹೋಗಬಹುದಿತ್ತು. ಕೂರಿಸಿ ಟೀ ಕೊಟ್ಟು ಬೈಸಿಕೊಳ್ಳುತ್ತಿದ್ದೆ.

ಭಾನುವಾರ ಸಂಘದ ಸಭೆ ಕರೆದೆ. ಸಭಾಂಗಣದ ವಿಷಯ ಒಂದೇ. ಬೀಗ ತೆಗೆದು, ಸಂಜೆ ಎರಡು ತಾಸು ಮಕ್ಕಳಿಗೆ ಬಿಡಬೇಕೆಂದು ನಾನೇ ಮಂಡಿಸಿದೆ. "ಹಾಕಿಸಿದವರೂ ನೀವೇ, ತೆಗೆಸೋರೂ ನೀವೇನಾ?" ಎಂದು ನಕ್ಕರು. "ಈಗ ಮಕ್ಕಳು, ನಾಳೆ ಅವರಪ್ಪಂದಿರೂ ಬಂದು ಕೂರ್ತಾರೆ" ಎಂದು ಒಬ್ಬರು. "ಕೂತರೆ ಏನಾಯ್ತು?" ಎಂದು ಬಾಲ್ಕನಿಯಲ್ಲಿ ಗಿಡ ಬೆಳೆಸುವ ಅಜ್ಜಿ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ನನ್ನ ಮಿಷನ್ನಿಗೆ ಬರೀ ಸಂತೆ ಕೇಳಿಸಿತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಮಗ ಎದ್ದು ನಿಂತ. ಬಾಯಿ ಆಡುತ್ತಿತ್ತು. ನನಗೆ ಒಂದಕ್ಷರ ಕೇಳಿಸಲಿಲ್ಲ. ಸಭೆ ಮಾತ್ರ ಗಪ್‌ಚಿಪ್ ಆಯಿತು. ಪಕ್ಕದಲ್ಲಿದ್ದ ದಂತವೈದ್ಯರನ್ನು "ಏನಂತೆ?" ಅಂದೆ. ಅವರು ನನ್ನ ಕಿವಿಯಲ್ಲಿ ಇಡೀ ಕಟ್ಟಡಕ್ಕೇ ಕೇಳಿಸುವಂತೆ ಕೂಗಿದರು: "ಅಪ್ಪ ಮಾಡಿದ್ದು ತಪ್ಪು ಅಂತಿದಾನೆ ಸಾರ್! ಓದದೆ ಸಹಿ ಹಾಕಿದ್ದು ತನ್ನ ತಪ್ಪು ಅಂತಿದಾನೆ! ಸಹಿ ವಾಪಸ್ ತಗೋತಾನಂತೆ!"

ನಾನು ಮಗನ ಮುಖ ನೋಡಿದೆ. ಚಿಕ್ಕವನಿದ್ದಾಗ ಬಸ್ಸಿನಲ್ಲಿ ನನ್ನ ಜೊತೆ ಬಂದರೆ ಕಂಬ ಬಿಟ್ಟು ನಿಲ್ಲುತ್ತಿರಲಿಲ್ಲ. ಅವತ್ತು ಏನನ್ನೂ ಹಿಡಿಯದೆ ನಿಂತಿದ್ದ.

ಕೈ ಎತ್ತಿಸಿದೆವು. ಸೋತೆವು. ನಾಲ್ಕೈದು ಕೈ ಕಡಿಮೆ. ಬೀಗ ಹಾಗೇ ಇದೆ. ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು, ಬೇರೆಯವರನ್ನು ಕಾರ್ಯದರ್ಶಿ ಮಾಡಿಕೊಳ್ಳಿ ಎಂದು ಎದ್ದು ಬಂದೆ.

ಇಷ್ಟು ಮಾಡಿ ಬಂದದ್ದೇನು? ಮಗ ಸಭೆಯಿಂದ ಹಾಗೇ ಹೊರಗೆ ಹೋದವನು ರಾತ್ರಿ ಬಂದು ನೇರ ಕೋಣೆ ಸೇರಿದ. ಮಾರನೇ ದಿನದಿಂದ ಬಟ್ಟೆ, ಪುಸ್ತಕ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಾನೆ. ಎಲ್ಲಿಗೆಂದು ಕೇಳಿದರೆ, "ಹೇಳ್ತೀನಪ್ಪ" ಅನ್ನುತ್ತಾನೆ. ಜನರೆದುರು ಸೋತದ್ದಕ್ಕೆ ನನ್ನ ಮೇಲೆ ಸಿಟ್ಟು. ಸೊಸೆ ಹೋದಳು, ಈಗ ಮಗನೂ ಹೋಗುತ್ತಾನೆ.


ಬೇಕರಿಯಿಂದ
ಸೆಪ್ಟೆಂಬರ್ ೨

ಬೀಗರೇ,

ನಿಮ್ಮ ಕಾಗದ ಓದಿ ನಾನು ಗಲ್ಲಾ ಬಿಟ್ಟು ಎದ್ದು ನಿಂತೆ. ಗಿರಾಕಿಗಳು ಏನಾಯಿತೆಂದು ಕೇಳಿದರು.

ಈಗ ಆಣೆ ಮುರಿದರೂ ಪರವಾಗಿಲ್ಲ. ಅವಳು ನನ್ನ ಹತ್ತಿರ ಅಂದದ್ದು ಇದು: "ಅವರು ಒಳ್ಳೆಯವರೇ ಅಪ್ಪಾ. ಒಂದೇ ಒಂದು ಸಲ ಮಾವನ ಎದುರು ನಿಂತು 'ಇದು ತಪ್ಪು' ಅನ್ನಲಿ. ಬೀಗ ತೆಗೀಲಿ, ಬಿಡಲಿ." ಅವಳು ಕೇಳಿದ್ದು ಅಷ್ಟೇ. ನಿಮಗೆ ಹೇಳಿದ್ದರೆ ನೀವು ಮಗನಿಗೆ ಹೇಳಿಕೊಟ್ಟು ನಿಲ್ಲಿಸುತ್ತಿದ್ದಿರಿ, ಅದು ಮತ್ತೊಂದು ಸಹಿಯಾಗುತ್ತಿತ್ತು. ಅದಕ್ಕೇ ಆಣೆ.

ಅಳಿಯಂದಿರು ಸಭೆಯಿಂದ ನೇರ ಹಾಸ್ಟೆಲ್ಲಿಗೆ ಹೋದರಂತೆ. ಇಬ್ಬರೂ ಸೇರಿ ಔಷಧಿ ಅಂಗಡಿಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ನೋಡಿದ್ದಾರೆ. ಪೆಟ್ಟಿಗೆ ತುಂಬುತ್ತಿರುವುದು ಅದಕ್ಕೆ. ನಿಮ್ಮ ಮೇಲೆ ಸಿಟ್ಟಿಲ್ಲ, ಹೇಳಲು ಹೆದರಿಕೆ. ಒಂದು ಸಲ ಎದ್ದು ನಿಂತ ಮಾತ್ರಕ್ಕೆ ಹುಟ್ಟಿದಾಗಿನ ಹೆದರಿಕೆ ಹೋದೀತೇ?

ಹೊಸ ಮನೆಗೆ ನೀವಾಗಿ ಹೋಗಿ. ಕರೆಯಲಿ ಎಂದು ಕಾಯಬೇಡಿ. ನಾನು ರಸ್ತೆಯಾಚೆ ನಿಂತು ಹಿಂದಿರುಗಿದವನು. ಅದರಿಂದ ಯಾರಿಗೂ ಲಾಭವಾಗಲಿಲ್ಲ.

ರಸ್ಕು ಕಳಿಸಿದ್ದೇನೆ. ಬಟ್ಟೆ ಸುತ್ತಿದ್ದೇನೆ, ಈ ಸಲ ಪುಡಿಯಾಗುವುದಿಲ್ಲ.


ಎರಡನೇ ಮಹಡಿಯಿಂದ
ಸೆಪ್ಟೆಂಬರ್ ೧೯

ಬೀಗರೇ,

ಅವರು ಮನೆ ಬದಲಾಯಿಸಿದ ದಿನ ನಾನು ಕಪಾಟಿನ ಒಂದು ತುದಿ ಹಿಡಿದು ಕೆಳಗಿಳಿಸಿಕೊಟ್ಟೆ. ಅಷ್ಟೇ. ಬಾ ಎಂದು ಮಗ ಅಂದ. ಸೊಸೆ ಅನ್ನಲಿಲ್ಲ. ಹೋಗಲಿಲ್ಲ. ನಮ್ಮಾಕೆ ಮಾತ್ರ ದಿನಾ ಹೋಗಿ ಬರುತ್ತಾಳೆ, ಬಂದು ಏನೂ ಹೇಳುವುದಿಲ್ಲ.

ನಿನ್ನೆ ನಿಮ್ಮ ಕಾಗದ ಮತ್ತೊಮ್ಮೆ ಓದಿ, ಅಂಗಿ ಬದಲಾಯಿಸಿ ಹೊರಟೆ. ಬಾಗಿಲು ತೆರೆದವಳು ಸೊಸೆ. ಮಗ ಇನ್ನೂ ಕೆಲಸದಿಂದ ಬಂದಿರಲಿಲ್ಲ. "ಬನ್ನಿ ಮಾವ" ಅಂದಳು. ಮುಂದಿನ ಕೋಣೆಯಲ್ಲಿ ಕುರ್ಚಿಯಿಲ್ಲ, ಚಾಪೆಯಿದೆ. ಕೂತೆ. ಮಂಡಿ ಸದ್ದು ಮಾಡಿತು. ಟೀ ತಂದಿಟ್ಟಳು.

ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಗಿ, "ನನ್ನ ಮೇಲೆ ಸಿಟ್ಟಿದೆಯೇನಮ್ಮ?" ಅಂದೆ.

ಅವಳು ನನ್ನ ಎದುರಿಗೇ ಕೂತು, ನನಗೆ ಕೇಳಿಸುವ ಹಾಗೆ, ನಿಧಾನವಾಗಿ ಅಂದಳು: "ಇದೆ ಮಾವ. ಇನ್ನೂ ಇದೆ. ಟೀ ಆರುತ್ತೆ, ಕುಡೀರಿ."

ಕುಡಿದೆ. ಬೀಗರೇ, ನಿಜ ಹೇಳುತ್ತೇನೆ, ನನಗೆ ಹಗುರವಾಯಿತು. "ಇಲ್ಲ ಮಾವ, ಏನಿಲ್ಲ" ಅಂದಿದ್ದರೆ ನಾನು ಇನ್ನೊಮ್ಮೆ ಆ ಮನೆಗೆ ಹೋಗುತ್ತಿರಲಿಲ್ಲ.

ಬರುವ ಭಾನುವಾರ ನೀವು, ಬೀಗಿತ್ತಿ ಬರಬೇಕಂತೆ. ನಿಲ್ದಾಣಕ್ಕೆ ನಾನು ಬರುತ್ತೇನೆ. ರಾತ್ರಿ ನಮ್ಮಲ್ಲೇ ಉಳಿಯಿರಿ, ಅಲ್ಲಿ ಇಬ್ಬರಿಗೆ ಮಲಗಲು ಜಾಗವಿಲ್ಲ.

ಲೋಟ ಕೆಳಗಿಡುವ ಹೊತ್ತಿಗೆ ಮಕ್ಕಳು ಬರತೊಡಗಿದವು. ಪಾಠ ಈಗ ಅದೇ ಮುಂದಿನ ಕೋಣೆಯಲ್ಲಿ. ವಾಚ್‌ಮನ್‌ನ ಮಗಳು ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಅವಳ ಹಿಂದೆ ಉಳಿದವರೂ ನಿಂತರು. ಕಾರ್ಯದರ್ಶಿ ಬಂದಿದ್ದಾನೆಂದು ಅವರ ಲೆಕ್ಕ. ಇನ್ನು ಹೊರಡುವುದು ಮೇಲೆಂದು ಗೋಡೆ ಹಿಡಿದು ಏಳಹೋದೆ. ಸೊಸೆ ಒಳಗಿನಿಂದ ಕಪ್ಪು ಹಲಗೆ ತರುತ್ತಿದ್ದಳು. ನನ್ನ ಕಡೆ ನೋಡದೆಯೇ, "ಕೂತಿರಿ ಮಾವ, ಅವರು ಸರ್ಕೊಳ್ತಾರೆ" ಅಂದಳು.

ಮಕ್ಕಳು ಒಳಗೆ ಬಂದು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತವು. ನಾನೂ ಕಾಲು ಮಡಿಚಿ ಸರಿದುಕೊಂಡೆ.

ಇಂತಿ,
ನಿಮ್ಮವ